ದೊಡ್ಡಾಕಿ ಕಾವಲು ನಿಂತದ್ದು

ನನ್ನ ಅಪ್ಪ ಮೂಡಲಗಿಯಲ್ಲಿ ಸಣ್ಣಾಟವೆಂಬ ಹಾಡು-ಮಾತಿನ ನಾಟಕ ಕಲಿಸುತ್ತಿದ್ದ. ಹೊಲದ ಕೆಲಸ ಮುಗಿಸಿಕೊಂಡು ಬಂದ ಗಂಡಸರು ನಮ್ಮ ಪಡಸಾಲೆಯಲ್ಲಿ ತಾಲೀಮು ಮಾಡುತ್ತಿದ್ದರು. ಅಪ್ಪನ ಕಣ್ಣು ಮಂಜಾದ ಮೇಲೆ ಆಟದ ಮಾತುಗಳನ್ನು ಓದಿ ಹೇಳಲು ಯಾರಾದರೂ ಬೇಕಾಯಿತು. ಅದಕ್ಕೆಂದೇ ನನಗೆ ಅಕ್ಷರ ಕಲಿಸಿದ. ನಾನು ಅಡುಗೆಮನೆಯ ಬಾಗಿಲ ಮರೆಯಲ್ಲಿ ಕೂತು ಓದಬೇಕು, ಹೊರಗೆ ಮೀಸೆ ಹೊತ್ತ ಗಂಡಸೊಬ್ಬ ಅದನ್ನೇ ರಾಣಿಯ ದನಿಯಲ್ಲಿ ಹೇಳಬೇಕು. ರಾಣಿಯ ಅಳುವೆಲ್ಲ ನನ್ನ ಬಾಯಿಂದಲೇ ಹೋಗುತ್ತಿತ್ತು, ಆದರೆ ನಾನು ಮಾತ್ರ ಬಾಗಿಲು ದಾಟುವಂತಿರಲಿಲ್ಲ. ಅದರ ಸಿಟ್ಟು ನನ್ನಲ್ಲಿ ಸಣ್ಣಂದಿನಿಂದಲೂ ಇತ್ತು. ಹುಕ್ಕೇರಿಗೆ ಸೊಸೆಯಾಗಿ ಬರುವಾಗ ಅದನ್ನೂ ಕಟ್ಟಿಕೊಂಡೇ ಬಂದೆ.

ಗಂಡನ ಮನೆಯಲ್ಲಿ ಅತ್ತೆ, ಭಾವ, ಭಾವನ ಹೆಂಡತಿ, ಅವರ ಆರು ವರ್ಷದ ಮಗಳು ಇದ್ದರು. ಅತ್ತೆ ನಮ್ಮಿಬ್ಬರು ಸೊಸೆಯಂದಿರನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ. ನನ್ನ ನೆಗೆಣ್ಣಿ ದೊಡ್ಡಾಕಿ, ನಾನು ಸಣ್ಣಾಕಿ. ನಾನು ಅವಳನ್ನು ಅಕ್ಕ ಎನ್ನುತ್ತಿದ್ದೆ. ಮಮದಾಪುರದವಳು, ನನಗಿಂತ ಎತ್ತರ, ಮಾತು ಜೋರು. ಬಾವಿಯ ಹತ್ತಿರ ಅವಳು ಯಾರಿಗಾದರೂ ಜವಾಬು ಕೊಟ್ಟರೆ ನಮ್ಮ ಹಿತ್ತಲಿಗೆ ಕೇಳಿಸುತ್ತಿತ್ತು. ಹೊಸ ಮನೆಯಲ್ಲಿ ನಾನು ಅಳುತ್ತ ಕೂತಿದ್ದ ದಿನಗಳಲ್ಲಿ ರೊಟ್ಟಿ ಬಡಿಯುತ್ತಲೇ ಏನಾದರೂ ಅಂದು ನಗಿಸುತ್ತಿದ್ದಳು.

ನಾನು ಬಂದ ವರ್ಷವೇ ಊರಲ್ಲಿ ಇಲಿ ಸತ್ತು ಬಿದ್ದವು. ಗಡ್ಡಿಬ್ಯಾನಿ ಅಂತ ಜನ ಅನ್ನುತ್ತಿದ್ದ ಪ್ಲೇಗು ಅದು. ಊರಿಗೆ ಊರೇ ಮನೆಗಳಿಗೆ ಬೀಗ ಹಾಕಿ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡಿತು. ಬೇನೆ ಬಂದವರನ್ನು ಇಡಲು ಸ್ವಲ್ಪ ದೂರದಲ್ಲಿ ಬೇರೆ ಗುಡಿಸಲುಗಳಿದ್ದವು. ಅವುಗಳ ಸುತ್ತ ಮುಳ್ಳುಬೇಲಿ, ಬೇಲಿಯ ಬಾಯಿಗೆ ಒಬ್ಬ ಕಾವಲಿನವ. ಅಕ್ಕನ ಮಗಳ ಬಗಲಲ್ಲಿ ಗಂಟು ಕಾಣಿಸಿದ್ದೇ ತಡ, ಕೂಸನ್ನು ಕಂಬಳಿಯಲ್ಲಿ ಸುತ್ತಿ ಅಲ್ಲಿಗೆ ಒಯ್ದರು.

ಅಕ್ಕ ಹಿಂದೆಯೇ ಓಡಿದಳು. ಅವಳ ಹಿಂದೆ ನಾನು. ಕಾವಲಿನವನು ಕೋಲು ಅಡ್ಡ ಹಿಡಿದ. ಅವನು ಕೆಟ್ಟವನಾಗಿರಲಿಲ್ಲ. ಪಕ್ಕದ ಹಳ್ಳಿಯ ಮುದುಕ. "ಒಳಗ ಬಿಡಾಕ ಹುಕುಂ ಇಲ್ಲವ್ವ," ಎಂದ. ಅಕ್ಕ ಬೇಡಿಕೊಂಡಳು, ಬೈದಳು, ಅವನ ಕಾಲಿಗೂ ಬಿದ್ದಳು. ಅವನು ಅದೇ ಮಾತನ್ನು ಮತ್ತೆ ಮತ್ತೆ ಹೇಳಿದ. ಒಳಗಿನಿಂದ ಕೂಸು ಕರೆಯುವುದು ಕೇಳಿಸುತ್ತಿತ್ತು. ಅಕ್ಕ ರಾತ್ರಿಯೆಲ್ಲ ಬೇಲಿಯ ಹತ್ತಿರವೇ ಇದ್ದಳು. ಬೆಳಗ್ಗೆ ನಾನು ರೊಟ್ಟಿ ತರಲು ಹೋಗಿ ಬರುವಷ್ಟರಲ್ಲಿ ಒಳಗಿನ ದನಿ ನಿಂತಿತ್ತು. ಮಣ್ಣು ಮಾಡಿದ್ದನ್ನೂ ಅವಳು ದೂರದಿಂದಲೇ ನೋಡಿದಳು. ಅತ್ತೆ ಮಾತ್ರ ಬೇಲಿಯತ್ತ ಬರಲೇ ಇಲ್ಲ. ನಮ್ಮ ಗುಡಿಸಲಿನಲ್ಲಿ ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟಿದ್ದಳು.

ಬೇನೆ ಇಳಿದ ಮೇಲೆ ಮನೆಗೆ ಮರಳಿದೆವು. ಎಲ್ಲರೂ ಒಳಗೆ ಹೋದರು. ಅಕ್ಕ ಹೊಸ್ತಿಲ ಹೊರಗೆ ನಿಂತಳು. ಯಾರಾದರೂ ಕೈಕಾಲು ತೊಳೆಯಲು ನೀರು ತಂದುಕೊಡಲಿ ಎಂದು ನಿಂತಿದ್ದಾಳೆ ಅಂದುಕೊಂಡೆವು. ಎಷ್ಟು ಹೊತ್ತಾದರೂ ಅಲ್ಲೇ ಇದ್ದಳು. ಕೊನೆಗೆ ಅತ್ತೆ, "ಒಳಗ ಬಾ ಅಂತ ಕುಂಕುಮ ಹಚ್ಚಿ ಕರಿಬೇಕೇನು ನಿನಗ? ಬಾ," ಎಂದಳು. ಆಗ ಬಂದಳು.

ಅಂದಿನಿಂದ ಅದೇ ನಡೆಯಿತು. ಅಡುಗೆಮನೆ, ದನದ ಕೊಟ್ಟಿಗೆ, ನೀರಿನ ಕೋಣೆ, ಯಾವ ಬಾಗಿಲಾದರೂ ಸರಿ, ಯಾರಾದರೂ "ಬಾ" ಎನ್ನುವವರೆಗೆ ಹೊರಗೇ ನಿಲ್ಲುವಳು. ಸೊಂಟದ ಮೇಲೆ ತುಂಬಿದ ಕೊಡ ಇಟ್ಟುಕೊಂಡು ಹಿತ್ತಲ ಬಾಗಿಲಲ್ಲಿ ನಿಂತಿರುತ್ತಿದ್ದಳು. ಮಾತು ನಿಂತಿತ್ತು. ಹೂಂ, ಊಹೂಂ ಅಷ್ಟೆ. ಅಳಲೂ ಇಲ್ಲ. ಮನೆಯಲ್ಲಿದ್ದವರಿಗೆ ಮೊದಮೊದಲು ಕನಿಕರ, ಆಮೇಲೆ ಬೇಸರ, ಆಮೇಲೆ ಸಿಟ್ಟು. ಅತ್ತೆ ಅಯ್ಯನವರನ್ನು ಕರೆಸಿ ವಿಭೂತಿ ಹಚ್ಚಿಸಿದಳು. ಯಾರೋ ಹೇಳಿದರೆಂದು ಭಾವ ಅವಳನ್ನು ದೆವ್ವ ಬಿಡಿಸುವ ಒಬ್ಬನ ಹತ್ತಿರ ಕರೆದೊಯ್ದು ಬೇವಿನ ಟೊಂಗೆಯಿಂದ ಹೊಡೆಸಿ ಕರೆತಂದ. ಬೆನ್ನ ಮೇಲೆ ಬರೆ ಹೊತ್ತು ಬಂದವಳು ಮತ್ತೆ ಹೊಸ್ತಿಲಲ್ಲಿ ನಿಂತಳು.

ಅಪ್ಪನ ಮೇಳದಲ್ಲಿ ಒಬ್ಬ ತೊದಲುವವನಿದ್ದ. ಸಂತೆಯಲ್ಲಿ ಉಪ್ಪು ಕೇಳಲೂ ಒದ್ದಾಡುತ್ತಿದ್ದವನು ರಾಜನ ಸೋಗು ಹಾಕಿದರೆ ತಡೆಯಿಲ್ಲದೆ ಮಾತಾಡುತ್ತಿದ್ದ. ನನಗೆ ಅವನ ನೆನಪಾಯಿತು. ಅಕ್ಕನಿಗೂ ಒಂದು ಪಾತ್ರ ಕೊಟ್ಟು ನೋಡಬೇಕೆನ್ನಿಸಿತು. ಅಪ್ಪನ ಒಂದು ಆಟದಲ್ಲಿ, ರಾಜನ ಹುಕುಮಿನಂತೆ ಕೂಸನ್ನು ಕಾಡಿಗೆ ಕಳುಹಿಸಿದಾಗ ರಾಣಿ ಅಳುವ ಕಡೆಯೊಂದಿತ್ತು. ಅದನ್ನು ಕೇಳಿ ಕಲ್ಲು ಮನಸ್ಸಿನ ಗಂಡಸರೂ ಕಣ್ಣು ಒರೆಸಿಕೊಂಡದ್ದನ್ನು ನೋಡಿದ್ದೆ. ಅಕ್ಕ ಆ ಮಾತು ಹೇಳಿದರೆ ಅಳು ಬರುತ್ತದೆ, ಅಳು ಬಂದರೆ ಗಂಟಲು ಬಿಡುತ್ತದೆ, ಇದು ನನ್ನ ಲೆಕ್ಕ.

ಮಧ್ಯಾಹ್ನ ಗಂಡಸರು ಹೊಲದಲ್ಲಿರುತ್ತಿದ್ದರು, ಅತ್ತೆ ಮಲಗುತ್ತಿದ್ದಳು. ಕಾಳಿನ ಖೋಲಿಯಲ್ಲಿ ಜೋಳ ಹಸನು ಮಾಡುತ್ತೇವೆ ಎಂದು ಹೇಳಿ ಅಕ್ಕನನ್ನು ಕರೆದುಕೊಂಡು ಹೋಗುತ್ತಿದ್ದೆ. ಬಾಜೂ ಮನೆಯ ಕಾಕೂ ಒಬ್ಬಳು ಬರುತ್ತಿದ್ದಳು. ಅವಳು ಅರಮನೆಯ ಬಾಗಿಲು ಕಾಯುವವನು, ನಾನು ರಾಜ, ಅಕ್ಕ ರಾಣಿ. ಕಾಗದ ಕತ್ತರಿಸಿ ಅರಿಶಿಣ ಬಳಿದು ಕಿರೀಟ ಮಾಡಿದೆ. ಅದನ್ನು ಅಕ್ಕನ ತಲೆಗೆ ಇಟ್ಟು ಮಾತು ಹೇಳಿಕೊಟ್ಟೆ. ಅವಳು ಕಿರೀಟ ಇಟ್ಟುಕೊಂಡು ಜೋಳ ಆರಿಸುತ್ತ ಕೂತಳು.

ಹೀಗೆ ವಾರಗಳು ಕಳೆದವು. ನಾನು ಓದಿ ಹೇಳುತ್ತಿದ್ದೆ, ಹಾಡಿ ತೋರಿಸುತ್ತಿದ್ದೆ, ಕೊನೆಗೆ ನಾನೇ ಅಳುತ್ತಿದ್ದೆ. ಕಾಕೂನೂ ಅಳುತ್ತಿದ್ದಳು. ಅಕ್ಕ ನಮ್ಮಿಬ್ಬರನ್ನೂ ನೋಡಿ ಮತ್ತೆ ಜೋಳಕ್ಕೆ ಕೈ ಹಾಕುತ್ತಿದ್ದಳು. ನನಗೆ ತಡೆಯಲಾಗುತ್ತಿರಲಿಲ್ಲ. "ಅಕ್ಕಾ, ನಿನ್ನ ಸಲುವಾಗೇ ಇಷ್ಟೆಲ್ಲಾ ಮಾಡಾಕತ್ತೇನಿ. ಒಂದ ಮಾತರ ಆಡಬಾರದೇನು," ಎಂದು ಮೊರವನ್ನು ನೆಲಕ್ಕೆ ಕುಕ್ಕಿದ್ದೂ ಉಂಟು. ಅವಳು ಚೆಲ್ಲಿದ ಕಾಳನ್ನು ಬಳಿದು ತುಂಬಿದಳು.

ಒಂದು ದಿನ ಕಾಕೂ ಬರಲಿಲ್ಲ. ಬಾಗಿಲು ಕಾಯುವವನಿಲ್ಲ ಎಂದು ಗೊಣಗುತ್ತ ನಾನು ಕಿರೀಟವನ್ನು ನನ್ನ ತಲೆಗೇ ಇಟ್ಟುಕೊಂಡೆ. ಅಕ್ಕ ಎದ್ದಳು. ಮೂಲೆಯಲ್ಲಿದ್ದ, ತೀರಿಹೋದ ಮಾವನ ಹಳೆಯ ಪಟಕವನ್ನು ತಲೆಗೆ ಸುತ್ತಿಕೊಂಡಳು. ಕಾಳು ಕೆದರುವ ಕೋಲನ್ನು ಕೈಗೆ ತೆಗೆದುಕೊಂಡು ಹೊಸ್ತಿಲ ಹೊರಗೆ ಹೋಗಿ ನಿಂತಳು. ನಾನೂ ಹೊರಗೆ ಬಂದೆ. ಆಟದಲ್ಲಿ ರಾಣಿ ಅರಮನೆಯ ಬಾಗಿಲಿಗೆ ಬಂದು ಕೂಸನ್ನು ನೋಡಬೇಕೆನ್ನುವುದಿತ್ತು. ಆ ಮಾತು ಹೇಳುತ್ತ ಒಳಗೆ ಕಾಲಿಡಲು ಹೋದೆ. ಕೋಲು ನನ್ನ ಎದೆಗೆ ಅಡ್ಡ ಬಂತು.

"ಒಳಗ ಬಿಡಾಕ ಹುಕುಂ ಇಲ್ಲವ್ವ," ಎಂದಳು ಅಕ್ಕ.

ವರ್ಷದ ಮೇಲೆ ಕೇಳಿದ ದನಿ. ಕೋಲು ತಳ್ಳಿ ಅವಳನ್ನು ಅಪ್ಪಿಕೊಳ್ಳಬೇಕೆನ್ನಿಸಿತು. ಆದರೂ ಆಟ ನಿಲ್ಲಿಸಬಾರದೆಂದು ಗೊತ್ತಿತ್ತು. ಬೇಡಿದೆ, ಕೈ ಮುಗಿದೆ. ಅವಳು ಅದೇ ಮಾತು, ಅದೇ ಮುದುಕನ ದನಿಯಲ್ಲಿ. ಅತ್ತೆ ಏಳುವ ಸದ್ದಾದ ಮೇಲೆ ಪಟಕ ತೆಗೆದಿಟ್ಟಳು. ತೆಗೆದದ್ದೇ ಮತ್ತೆ ಮೂಕಿಯಾದಳು, ಮತ್ತೆ ಹೊಸ್ತಿಲಲ್ಲಿ ನಿಂತಳು. "ಬಾ," ಎಂದು ನಾನೇ ಕರೆಯಬೇಕಾಯಿತು.

ಆಮೇಲೆ ದಿನವೂ ಅವಳಿಗೆ ಅದೊಂದೇ ಪಾತ್ರ. ನಾನು ಬಾಗಿಲಿಗೆ ಹೋಗಬೇಕು, ಅವಳು ಬಿಡಬಾರದು. ಈವತ್ತು ಬಿಟ್ಟಾಳು, ಈವತ್ತು ಮನಸ್ಸು ಕರಗೀತು ಎಂದು ಕಾದೆ. ರಾಗ ಬದಲಿಸಿದೆ, ಮಾತು ಬದಲಿಸಿದೆ, ಬೇರೆ ಬೇರೆ ಥರ ಗೋಗರೆದೆ. ಅವಳು ಕರಗುವ ಬದಲು ಗಟ್ಟಿಯಾದಳು. "ದೂರ ಸರಿ," "ಗದ್ದಲ ಮಾಡಬ್ಯಾಡ," ಎಂದು ಗದರಿಸತೊಡಗಿದಳು. ಒಮ್ಮೆ ಕೋಲಿನಿಂದ ನನ್ನ ತೋಳಿಗೆ ಬಾರಿಸಿಯೂ ಬಿಟ್ಟಳು. ತೋಳು ಊದಿತು. ಅವಳ ಮುಖದಲ್ಲಿ ಒಂದು ಥರದ ಖುಷಿ ಕಂಡಿತು. ನಾನು ಅವಳನ್ನು ಅಳಿಸಲು ಹೊರಟಿದ್ದೆ. ಇವಳು ನನ್ನನ್ನು ಹೊಡೆದು ಖುಷಿ ಪಡುತ್ತಿದ್ದಳು. ಇದು ಗುಣವೋ ಬೇನೆಯೋ ಎನ್ನುವುದೇ ತಿಳಿಯದೆ ನನಗೆ ಕಿರಿಕಿರಿಯಾಗುತ್ತಿತ್ತು.

ಅಷ್ಟರಲ್ಲಿ ಭಾವ ಒಂದು ಮಧ್ಯಾಹ್ನ ಬೀಜದ ಕಾಳು ಒಯ್ಯಲು ಬಂದ. ಅವನ ಹೆಂಡತಿ ಅವನಪ್ಪನ ಪಟಕ ಸುತ್ತಿಕೊಂಡು, ಕೋಲು ಹಿಡಿದು, ನನ್ನ ಮೇಲೆ ಗದರುತ್ತಿದ್ದಳು. ಅವಳ ದನಿ ಕೇಳಿ ಅವನಿಗೂ ವರ್ಷ ದಾಟಿತ್ತು. ಆದರೆ ಅವನಿಗೆ ಕಂಡದ್ದು ಪಟಕ ಮಾತ್ರ. ಅದನ್ನು ಅವಳ ತಲೆಯಿಂದ ಕಿತ್ತುಕೊಂಡ.

"ನಮ್ಮ ಮನ್ಯಾಗ ಹೆಂಗಸರು ಸೋಗು ಹಾಕೂದಿಲ್ಲ. ಇದು ಮೂಡಲಗಿ ಚಟ. ಅಲ್ಲೇ ಬಿಟ್ಟ ಬರಬೇಕಿತ್ತು," ಎಂದ, ನನ್ನನ್ನು ನೋಡದೆ ನನಗೇ ಹೇಳುವಂತೆ.

ನಾನು ಅಲ್ಲಿಯವರೆಗೆ ಅವನೆದುರು ಬಾಯಿ ತೆರೆದವಳಲ್ಲ. "ಭಾವಾರ, ಅಕ್ಕ ಮಾತಾಡಿದ್ದ ಕೇಳಿದ್ರೇನ್ರಿ?" ಎಂದೆ.

"ಅದು ಮಾತಲ್ಲ. ಹುಚ್ಚು," ಎಂದ.

ಕಾಳಿನ ಖೋಲಿಗೆ ಬೀಗ ಬಿತ್ತು. ಕೀಲಿಕೈ ಅತ್ತೆಯ ಸೊಂಟಕ್ಕೆ ಹೋಯಿತು. ನನ್ನ ಗಂಡ ನನ್ನ ಪರವಾಗಿ ಒಂದು ಮಾತೂ ಆಡಲಿಲ್ಲ. ನಾಲ್ಕು ದಿನ ಅವನಿಗೆ ತಾಟು ಕುಕ್ಕಿಯೇ ಬಡಿಸಿದೆ. ಆ ದಿನಗಳಲ್ಲಿ ಅಪ್ಪ ನನ್ನನ್ನು ನೋಡಲು ಬಂದಾಗ ಎಲ್ಲವನ್ನೂ ಹೇಳಿದೆ, ಏನಾದರೂ ದಾರಿ ತೋರಿಸಿಯಾನು ಎಂದು. ಅಪ್ಪ ಕಣ್ಣು ಮುಚ್ಚಿ ಕೇಳಿದ. "ಆ ಕಾವಲಿನವನ ಜಾಗಾದಾಗ ಒಂದ ಹಾಡ ಇದ್ರ ಭಾಳ ಚಲೋ ಆಗತೈತಿ ನೋಡವ್ವ," ಎಂದ. ಅಪ್ಪನಿಗೆ ನನ್ನ ನೆಗೆಣ್ಣಿ ಕಾಣಲೇ ಇಲ್ಲ, ಆಟ ಕಂಡಿತು. ನಾನು ಒಳಗೆ ಎದ್ದು ಹೋದೆ.

ಬೀಗ ಬಿದ್ದ ಮೇಲೆ ಅಕ್ಕ ಮೊದಲಿಗಿಂತ ಹಾಳಾದಳು. "ಬಾ" ಎಂದರೂ ಕೆಲವು ಸಲ ಒಳಗೆ ಬರುತ್ತಿರಲಿಲ್ಲ. ಒಂದು ದಿನ ಮಳೆಯಲ್ಲಿ ಅಂಗಳದಲ್ಲಿ ನೆನೆಯುತ್ತ ನಿಂತುಬಿಟ್ಟಳು. ಅತ್ತೆ ಕರೆದು ಕರೆದು ಸಾಕಾಗಿ, ಕೊನೆಗೆ ಕೈ ಹಿಡಿದು ಎಳೆದು ತಂದಳು. ತಲೆ ಒರೆಸುವಾಗ ಅತ್ತೆಯ ಕೈ ಒರಟಾಗಿತ್ತು. ಒರೆಸಿ ಆದ ಮೇಲೆ ಟವೆಲು ಹಿಡಿದುಕೊಂಡೇ ಸುಮಾರು ಹೊತ್ತು ಕೂತಳು.

ಮರುದಿನ ಗಂಡಸರು ಹೊಲಕ್ಕೆ ಹೋದದ್ದೇ ಅತ್ತೆ ಕೀಲಿಕೈ ತೆಗೆದು ಕಾಳಿನ ಖೋಲಿಯ ಬಾಗಿಲು ತೆರೆದಳು. "ಅದೇನ ಮಾಡತಿದ್ರಿ, ಮಾಡ್ರಿ. ನಾ ನೋಡತೀನಿ," ಎಂದಳು.

ನನಗೆ ಹಿಗ್ಗೋ ಹಿಗ್ಗು. ಕಿರೀಟ ಹುಡುಕಿ ಇಟ್ಟುಕೊಂಡೆ. ಪಟಕ ಇರಲಿಲ್ಲ. ಅತ್ತೆ ತಾನೇ ಒಂದು ಪಂಚೆ ತಂದು ಅಕ್ಕನ ಕೈಗೆ ಕೊಟ್ಟಳು. ಅಕ್ಕ ಅದನ್ನು ಸುತ್ತಿಕೊಂಡು ಕೋಲು ಹಿಡಿದು ಬಾಗಿಲಲ್ಲಿ ನಿಂತಳು. ಅತ್ತೆ ಎದುರಿಗೆ ಕಟ್ಟೆಯ ಮೇಲೆ ಕೂತಳು. ನೋಡುವವರು ಒಬ್ಬರಿದ್ದಾರೆಂದು ನನಗೆ ಎಲ್ಲಿಲ್ಲದ ಹುರುಪು ಬಂತು. ಅಪ್ಪ ಕಲಿಸಿದ್ದನ್ನೆಲ್ಲ ಹೊರಗೆ ತೆಗೆದೆ. ಒಂಬತ್ತು ತಿಂಗಳು ಹೊತ್ತದ್ದು, ತೊಟ್ಟಿಲು ಕಟ್ಟಿದ್ದು, ಎಲ್ಲವನ್ನೂ ರಾಗವಾಗಿ ಹೇಳುತ್ತಿದ್ದೆ.

"ಎಷ್ಟ ಮಾತಾಡತೀ ನೀ. ಸರಿ ಅತ್ತಾಗ," ಎಂದು ಅತ್ತೆ ಎದ್ದು ಬಂದಳು.

ನನ್ನನ್ನು ಪಕ್ಕಕ್ಕೆ ನೂಕಿ ಅಕ್ಕನ ಎದುರು ನಿಂತಳು. ಕೋಲು ಅಡ್ಡ ಬಂತು. "ಒಳಗ ಬಿಡಾಕ ಹುಕುಂ ಇಲ್ಲವ್ವ."

"ನನ್ನ ಮೊಮ್ಮಗಳು ಒಳಗದಾಳ," ಎಂದಳು ಅತ್ತೆ. ಆಟದ ದನಿಯಲ್ಲ, ಬಾವಿಗೆ ಹೋಗುವ ದಾರಿ ಕೇಳುವ ದನಿ.

ಅಕ್ಕ ಕೋಲನ್ನು ಇನ್ನೂ ಬಿಗಿಯಾಗಿ ಹಿಡಿದಳು. ಆಮೇಲೆ ಅವಳ ಬಾಯಿಂದ ಬಂದದ್ದು ಮುದುಕನ ದನಿಯಾಗಿರಲಿಲ್ಲ. ಬಾವಿಯ ಹತ್ತಿರ ಜವಾಬು ಕೊಡುತ್ತಿದ್ದಳಲ್ಲ, ಆ ದನಿ.

"ಈಗ ಬಂದ್ರೇನ್ರಿ ಅತ್ತೀ? ಅವತ್ತ ಯಾಕ ಬರಲಿಲ್ಲ?"

"ಅಂಜಿದ್ನಿ," ಎಂದಳು ಅತ್ತೆ. "ನನಗೂ ಬ್ಯಾನಿ ಬರತೈತಿ ಅಂತ ಅಂಜಿ ಮಲಗಿದ್ನಿ. ಈಗ ಬಂದೇನಿ. ಸರಿ."

ಕೋಲನ್ನು ಕೈಯಿಂದ ಸರಿಸಿ ಅತ್ತೆ ಹೊಸ್ತಿಲು ದಾಟಿ ಒಳಗೆ ಹೋದಳು. ಜೋಳದ ರಾಶಿಯ ಪಕ್ಕದಲ್ಲಿ ನೆಲದ ಮೇಲೆ ಕೂತಳು. ಅಕ್ಕನನ್ನು ಕರೆಯಲಿಲ್ಲ. ಅಕ್ಕ ಕೋಲನ್ನು ಗೋಡೆಗೆ ಒರಗಿಸಿದಳು. ಯಾರೂ "ಬಾ" ಎನ್ನದೆಯೇ ಒಳಗೆ ಕಾಲಿಟ್ಟಳು. ಬಾಗಿಲು ಮುಚ್ಚಿಕೊಂಡಿತು. ಯಾರು ಮುಚ್ಚಿದರೋ ನನಗೆ ಕಾಣಲಿಲ್ಲ.

ಒಳಗಿನಿಂದ ಮೊದಲು ಬೈಗುಳ ಕೇಳಿಸಿತು, ಅಕ್ಕನದು. ಆಮೇಲೆ ಅಳು, ಇಬ್ಬರದು. ನಾನು ಅರಿಶಿಣದ ಕಿರೀಟ ಇಟ್ಟುಕೊಂಡು ಹೊರಗೆ ನಿಂತಿದ್ದೆ. ನಾನು ತಿಂಗಳುಗಟ್ಟಲೆ ಹೆಣಗಿದ್ದು, ಹೊಡೆಸಿಕೊಂಡದ್ದು, ಭಾವನಿಂದ ಮಾತು ಕೇಳಿದ್ದು ಇದಕ್ಕಾಗಿಯೇ. ಈಗ ಅದು ಆಗುತ್ತಿತ್ತು, ನನ್ನನ್ನು ಹೊರಗಿಟ್ಟು. ನನಗೆ ಸಂತೋಷವಾಯಿತೆಂದು ಬರೆದರೆ ಸುಳ್ಳಾದೀತು. ಸಿಟ್ಟು ಬಂತು. ಕಿರೀಟವನ್ನು ಒಲೆಗೆ ಹಾಕಿ ರೊಟ್ಟಿಗೆ ಹಿಟ್ಟು ಕಲಸಲು ಕೂತೆ. ಆ ದಿನದ ಅಡುಗೆಯೆಲ್ಲ ನನ್ನ ಒಬ್ಬಳ ಮೇಲೇ ಬಿತ್ತು.

ಅಕ್ಕ ಒಂದೇ ದಿನದಲ್ಲಿ ಮೊದಲಿನಂತಾದಳು ಎಂದಲ್ಲ. ನಮ್ಮ ಮನೆಯ ಬಾಗಿಲುಗಳನ್ನು ತಾನಾಗಿ ದಾಟತೊಡಗಿದಳು. ಬೇರೆಯವರ ಮನೆಗೆ ಹೋದರೆ ಕರೆಯುವವರೆಗೂ ಹೊರಗೇ. ಇದನ್ನು ಜನ ಅವಳ ಮರ್ಯಾದೆಯೆಂದು ತಿಳಿದರು. ಮಾತು ಬಂತು, ನಗಿಸುವ ಮಾತು ಮಾತ್ರ ಬಹಳ ವರ್ಷ ಬರಲಿಲ್ಲ. ಅತ್ತೆಯೊಡನೆ ದಿನಕ್ಕೊಮ್ಮೆಯಾದರೂ ಜಗಳಾಡುತ್ತಿದ್ದಳು, ಆದರೂ ಊಟಕ್ಕೆ ಅವಳ ಪಕ್ಕದಲ್ಲೇ ಕೂರುತ್ತಿದ್ದಳು. ಭಾವ ಅಯ್ಯನವರ ವಿಭೂತಿಯಿಂದ ಗುಣವಾಯಿತೆಂದು ಎಲ್ಲರಿಗೂ ಹೇಳಿಕೊಂಡು ತಿರುಗಿದ. ಅತ್ತೆ ಅದಲ್ಲ ಎನ್ನಲಿಲ್ಲ. ಅಕ್ಕನೂ ಎನ್ನಲಿಲ್ಲ.

ಕಾಕೂ ಮಾತ್ರ ಸುಮ್ಮನಿರಲಿಲ್ಲ. ಅವಳ ಬಾಯಿಂದ ಸುದ್ದಿ ಹಬ್ಬಿ, ನಮ್ಮ ಓಣಿಯ ವಿಧವೆಯೊಬ್ಬಳು ತಾನೇ ನನ್ನ ಹತ್ತಿರ ಬಂದಳು. ಬೇನೆಯಲ್ಲಿ ಗಂಡ ಹೋದ ಮೇಲೆ ಅವಳಿಗೆ ನಿದ್ದೆ ಬರುತ್ತಿರಲಿಲ್ಲ. ಈ ಸಲ ನನಗೆ ಎಲ್ಲ ತಿಳಿದಿದೆ ಎಂದುಕೊಂಡೆ. ಆಟದಲ್ಲಿ ನಾನೇ ಅವಳ ಗಂಡನಾದೆ. ನಾನು ಒಂದು ಮಾತು ಆಡುವಷ್ಟರಲ್ಲಿ ಅವಳು ಚೀರಿ ಎದ್ದು ಓಡಿದಳು. ಅವಳ ಮನೆಯವರು ನಮ್ಮ ಅಂಗಳಕ್ಕೆ ಬಂದು ಜಗಳ ತೆಗೆದರು. ಆ ಹೆಣ್ಣುಮಗಳು ಆಮೇಲೆ ನನ್ನನ್ನು ಕಂಡರೆ ದಾರಿ ಬದಲಿಸುತ್ತಿದ್ದಳು. ಒಬ್ಬಳಿಗೆ ಆದದ್ದು ಇನ್ನೊಬ್ಬಳಿಗೆ ಯಾಕೆ ಆಗಲಿಲ್ಲ ಎಂದು ಎಷ್ಟು ಯೋಚಿಸಿದರೂ ಹೊಳೆಯಲಿಲ್ಲ. ಕೇಳೋಣವೆಂದರೆ ಯಾರಿಗೂ ಗೊತ್ತಿರಲಿಲ್ಲ. ಮತ್ತೆ ಅದರ ಗೊಡವೆಗೆ ಹೋಗಲಿಲ್ಲ.

ಕೆಲವು ವರ್ಷಗಳ ಮೇಲೆ ಅಕ್ಕ ಮತ್ತು ನಾನು ಮಮದಾಪುರಕ್ಕೆ, ಅವಳ ತವರಿಗೆ ಹೋಗಿದ್ದೆವು. ಆ ವಾರ ಗೋಕಾಕದಲ್ಲಿ ಅಪ್ಪನ ಮೇಳದ ಆಟವಿತ್ತು. ಹೆಂಗಸರೆಲ್ಲ ಗಾಡಿ ಕಟ್ಟಿಸಿಕೊಂಡು ಹೋದೆವು. ಆಟ ಶುರುವಾಗಿ ಸ್ವಲ್ಪ ಹೊತ್ತಿಗೆ ಒಬ್ಬ ಕಾವಲಿನವನು ಬಂದ. ದೊಡ್ಡ ಹೊಟ್ಟೆ ಕಟ್ಟಿಕೊಂಡಿದ್ದ, ಪಟಕ ಕಣ್ಣಿನ ಮೇಲೆ ಇಳಿದಿತ್ತು. ರಾಣಿ ಬಂದಾಗ ಕೋಲು ಅಡ್ಡ ಹಿಡಿದು, "ಒಳಗ ಬಿಡಾಕ ಹುಕುಂ ಇಲ್ಲವ್ವ," ಎಂದು ಹಾಡಿದ, ಕುಣಿದ. ಜನ ಬಿದ್ದು ಬಿದ್ದು ನಕ್ಕರು. ನನ್ನ ಮೈ ಉರಿಯಿತು. ನಾನು ಅಳುತ್ತ ಹೇಳಿದ್ದನ್ನು ಅಪ್ಪ ನಗೆಯ ಸರಕು ಮಾಡಿಕೊಂಡಿದ್ದ. ಅಕ್ಕನ ಮುಖ ನೋಡಲು ಹೆದರಿಕೆಯಾಗಿ ತಲೆ ತಗ್ಗಿಸಿ ಕೂತೆ.

ಆಟ ಮುಗಿದ ಮೇಲೆ ಅಪ್ಪನ ಹತ್ತಿರ ಹೋಗಿ ಜಗಳ ತೆಗೆದೆ. "ಜನಾ ನಗಲಿಲ್ಲಂದ್ರ ಮುಂದ ಅಳೂದಿಲ್ಲವ್ವ. ಆಮ್ಯಾಲೆ ಅತ್ತರಲ್ಲ, ನೋಡಲಿಲ್ಲೇನು?" ಎಂದ ಅಪ್ಪ. ನಾನು ನೋಡಿರಲಿಲ್ಲ. ಅವನ ಹತ್ತಿರ ಮತ್ತೆ ಮಾತಾಡದೆ ಗಾಡಿ ಹತ್ತಿದೆ.

ಗಾಡಿ ಊರು ಬಿಟ್ಟ ಮೇಲೆ ಅಕ್ಕ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಅತ್ತಿದ್ದಾಳೆ ಎಂದು ಅವಳ ಕೈ ಹಿಡಿದುಕೊಂಡೆ. ಅವಳು ನಗುತ್ತಿದ್ದಳು. ನಗು ತಡೆಯಲಾಗದೆ ಕಣ್ಣಲ್ಲಿ ನೀರು ಬಂದಿತ್ತು.

"ನಿನಗ ಸಿಟ್ಟ ಬರಲಿಲ್ಲೇನಕ್ಕಾ?" ಎಂದೆ.

"ಯಾತಕ್ಕ ಸಿಟ್ಟು? ಚಲೋ ಮಾಡಿದ ಅಂವಾ."

"ಅದು ನಿನ್ನ ಸಂಕಟ. ಅದನ್ನ ಇಟಕೊಂಡ ಕುಣಿತಾರಲ್ಲ."

ಅಕ್ಕ ನನ್ನ ಕೈ ಬಿಡಿಸಿಕೊಂಡಳು. "ನಿನಗ ಯಾವಾಗ ನೋಡಿದ್ರೂ ಎಲ್ಲಾರೂ ಅಳಬೇಕು ನೋಡು," ಎಂದಳು. "ಅವತ್ತೂ ಹಂಗ ಮಾಡತಿದ್ದಿ. ನನಗ ಅಳೂದಿರಲಿಲ್ಲ. ಯಾರನ್ನರ ಬಡಿಬೇಕಿತ್ತು."

ಅವಳು ಗಾಡಿಯಲ್ಲಿದ್ದ ಬೇರೆ ಹೆಂಗಸರ ಕಡೆ ತಿರುಗಿ, ರಾಣಿಯ ಪಾತ್ರ ಮಾಡಿದವನು ಸೀರೆಯ ನಿರಿಗೆ ಹಿಡಿದದ್ದು ಸರಿಯಿರಲಿಲ್ಲ ಎಂದು ಹೇಳತೊಡಗಿದಳು. ಒಬ್ಬಳು ಎಲೆಅಡಿಕೆಯ ಚೀಲ ಬಿಚ್ಚಿದಳು. ನನಗೂ ಒಂದು ಎಲೆ ಮಡಿಸಿ ಕೊಟ್ಟಳು. ಬೇಡವೆಂದೆ. ಆಮೇಲೆ ಕೈ ಚಾಚಿ ತೆಗೆದುಕೊಂಡೆ.